ಕಾರಿನ ಆಯಿಲ್ ಫಿಲ್ಟರ್: ಬೆಂಗಳೂರಿನ ಓಡಾಟಕ್ಕೆ ಯಾವುದನ್ನು ಕೊಳ್ಳಬೇಕು?

ಯಲಹಂಕದವಳು

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್. ವಾರಂಟಿ ಎಂದೋ ಮುಗಿದಿದೆ, ಈಗ ಮನೆ ಹತ್ತಿರದ ಗ್ಯಾರೇಜಿನಲ್ಲಿಯೇ ಸರ್ವಿಸ್ ಮಾಡಿಸುತ್ತೇನೆ. ಮುಂದಿನ ವಾರ ಆಯಿಲ್ ಬದಲಾಯಿಸಬೇಕು. ಆಯಿಲ್, ಫಿಲ್ಟರ್ ಎರಡನ್ನೂ ನಾನೇ ತಂದುಕೊಟ್ಟರೆ ಅಭ್ಯಂತರವಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಯಾವ ಆಯಿಲ್ ಎಂಬುದು ಕಾರಿನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಫಿಲ್ಟರ್ ಹುಡುಕಲು ಹೋದರೆ ಇದೇ ಕಾರಿಗೆ ನೂರು ರೂಪಾಯಿಯೊಳಗಿನದೂ ಇದೆ, ಐನೂರು ರೂಪಾಯಿಯದೂ ಇದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಗೆಯ ತಗಡಿನ ಡಬ್ಬಿಗಳು.

ಇನ್ನೊಂದು ವಿಷಯ. ಕಳೆದ ಸರ್ವಿಸ್ ಆದಾಗಿನಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಎರಡು ಮೂರು ಸೆಕೆಂಡ್ ಗಲಗಲ ಸದ್ದು ಮಾಡುತ್ತದೆ, ಆಯಿಲ್ ದೀಪ ಕೂಡ ತುಸು ತಡವಾಗಿ ಆರುತ್ತದೆ. ಆಮೇಲೆ ದಿನವಿಡೀ ಏನೂ ತೊಂದರೆಯಿಲ್ಲ. ಇದಕ್ಕೂ ಫಿಲ್ಟರಿಗೂ ಸಂಬಂಧ ಇರಬಹುದೇ?

ಕೆಂಗೇರಿ ಡೀಸೆಲ್

ಮೇಡಂ, ಕಾರಿನ ಕಂಪನಿಯದೇ ಫಿಲ್ಟರ್ ಹಾಕಿಸಿ. ಸಣ್ಣ ಪೆಟ್ರೋಲ್ ಕಾರಿನದು ಬಹಳವೆಂದರೆ ನೂರು ಇನ್ನೂರು ರೂಪಾಯಿ. ಆಯಿಲಿಗೆ ಸಾವಿರಾರು ರೂಪಾಯಿ ಕೊಡುವಾಗ ಅಲ್ಲಿ ಉಳಿಸಲು ಹೋಗಬೇಡಿ.

ಮಿನರ್ವ ಸರ್ಕಲ್

ಕೆಂಗೇರಿಯವರ ಮಾತು ಸರಿ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ನಾನು ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಬಹುಕಾಲ ಕೆಲಸ ಮಾಡಿದವನು. ಪುರಭವನದ ಕಡೆಯಿಂದ ಮಿನರ್ವ ವೃತ್ತದವರೆಗೆ ನಡೆದುಕೊಂಡು ಬಂದರೆ ಎಲ್ಲ ದರದ, ಎಲ್ಲ ಗುಣಮಟ್ಟದ ಫಿಲ್ಟರೂ ಸಿಗುತ್ತದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾರಿನ ಹೆಸರು ಹೇಳಿ ಫಿಲ್ಟರ್ ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಒಂದೇ ಹೆಸರಿನ ಕಾರು ಮೂರು ಬಗೆಯ ಎಂಜಿನ್‌ಗಳಲ್ಲಿ ಬಂದಿರುತ್ತದೆ. ಹೆಸರು ಹಾಗೆಯೇ ಉಳಿದು ನಡುವೆ ಎಂಜಿನ್ ಬದಲಾಗಿರುತ್ತದೆ. ಕಂಪನಿಯ ಡೀಲರ್ ಬಳಿಯ ಬಿಡಿಭಾಗಗಳ ಕೌಂಟರಿಗೆ ಹೋಗಿ, ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆ ಕೊಟ್ಟರೆ ನಿಮ್ಮ ಕಾರಿಗೆ ಸರಿಹೊಂದುವ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ಆ ನಂಬರ್ ಕೈಯಲ್ಲಿದ್ದರೆ ಯಾವ ಬ್ರ್ಯಾಂಡಿನ ಕ್ಯಾಟಲಾಗ್‌ನಲ್ಲಿ ಬೇಕಾದರೂ ಅದಕ್ಕೆ ಸಮನಾದದ್ದನ್ನು ಹುಡುಕಬಹುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಸಣ್ಣ ಕಾರುಗಳ ಫಿಲ್ಟರ್‌ಗಳಲ್ಲಿ ಎರಡು ಥ್ರೆಡ್ ಅಳತೆಗಳು ಬಹಳ ಸಾಮಾನ್ಯ. ಒಂದು ಎಂ20×1.5, ಅಂದರೆ 20 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಇನ್ನೊಂದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡರೆ ಅಳತೆಪಟ್ಟಿ ಇಲ್ಲದೆ ಗುರುತಿಸುವುದು ಕಷ್ಟ. ಡಬ್ಬಿಯ ಎತ್ತರ, ಸುತ್ತಳತೆ, ರಬ್ಬರ್ ರಿಂಗು ಎಲ್ಲವೂ ಹತ್ತಿರ ಹತ್ತಿರ. ಮುಕ್ಕಾಲು ಇಂಚಿನ ಫಿಲ್ಟರು 20 ಮಿ.ಮೀ. ಸ್ಟಡ್ಡಿಗೆ (ಫಿಲ್ಟರ್ ತಿರುಗಿಸಿ ಕೂರಿಸುವ, ಎಂಜಿನ್ನಿನಿಂದ ಹೊರಚಾಚಿದ ಥ್ರೆಡ್ ಕೊಳವೆಗೆ) ಹತ್ತುವುದೇ ಇಲ್ಲ, ಅದರಿಂದ ಅಪಾಯವಿಲ್ಲ. ಆದರೆ 20 ಮಿ.ಮೀ. ಫಿಲ್ಟರು ಮುಕ್ಕಾಲು ಇಂಚಿನ ಸ್ಟಡ್ಡಿಗೆ ಸಡಿಲವಾಗಿ ಹತ್ತಿಬಿಡುತ್ತದೆ. ರಬ್ಬರ್ ಒತ್ತಿಕೊಂಡಾಗ ಬಿಗಿಯಾಯಿತು ಎಂದೇ ಅನಿಸುತ್ತದೆ. ಸ್ಟಡ್ಡನ್ನು ಹಿಡಿದಿರುವುದು ಥ್ರೆಡ್ಡಿನ ತುದಿ ಮಾತ್ರ. ಓಡುವಾಗ ಆಯಿಲ್ ಒತ್ತಡ ಏರಿದರೆ ಅದು ಕಿತ್ತುಕೊಂಡು ಹೋಗಬಹುದು, ಹಾಗಾದರೆ ಎಂಜಿನ್ನಿನಲ್ಲಿರುವ ಆಯಿಲ್ ಎಲ್ಲ ನಿಮಿಷದೊಳಗೆ ರಸ್ತೆಯ ಮೇಲಿರುತ್ತದೆ.

ಫಿಲ್ಟರ್ ಕೈಯಿಂದ ತಿರುಗಿಸುವಾಗ ಆರಂಭದಿಂದ ಕೊನೆಯವರೆಗೆ ಅಲುಗಾಡದೆ ನುಣ್ಣಗೆ ಹತ್ತಬೇಕು. ಅಲುಗಾಡಿದರೆ ಅಲ್ಲಿಗೇ ನಿಲ್ಲಿಸಿ.

ಪೀಣ್ಯದ ಲೇತ್

ಯಲಹಂಕದ ಮೇಡಂ ಹೇಳಿದ ಬೆಳಗಿನ ಸದ್ದಿನ ಬಗ್ಗೆ ಬರೆಯುತ್ತೇನೆ. ಅದು ಫಿಲ್ಟರಿಗೆ ಸಂಬಂಧಿಸಿದ್ದಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಅದರಲ್ಲೂ ಕಳೆದ ಸರ್ವಿಸ್‌ನಿಂದಲೇ ಶುರುವಾಗಿದೆ ಎಂದಿದ್ದೀರಿ.

ಫಿಲ್ಟರಿನ ಬಾಯಿಯಲ್ಲಿ ನಡುವೆ ಥ್ರೆಡ್ ಇರುವ ಒಂದು ದೊಡ್ಡ ರಂಧ್ರ, ಸುತ್ತ ಸಣ್ಣ ರಂಧ್ರಗಳು ಇರುತ್ತವೆ. ಪಂಪಿನಿಂದ ಬರುವ ಆಯಿಲ್ ಸುತ್ತಲಿನ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ, ಹೊರಗಿನಿಂದ ಒಳಕ್ಕೆ ಕಾಗದವನ್ನು ದಾಟಿ, ನಡುವಿನ ರಂಧ್ರದಿಂದ ಎಂಜಿನ್ನಿಗೆ ಹೋಗುತ್ತದೆ. ಸಣ್ಣ ರಂಧ್ರಗಳ ಹಿಂದೆ ರಬ್ಬರಿನ ಒಂದು ತೆಳು ಬಿಲ್ಲೆ ಇರುತ್ತದೆ. ಅದಕ್ಕೆ ಆಂಟಿ ಡ್ರೈನ್‌ಬ್ಯಾಕ್ ವಾಲ್ವ್ ಎನ್ನುತ್ತಾರೆ. ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಆಯಿಲ್ ಹಿಂದಕ್ಕೆ ಸೋರಿ ಕೆಳಗಿನ ಸಂಪ್‌ಗೆ ಇಳಿಯದಂತೆ ತಡೆಯುವುದು ಅದರ ಕೆಲಸ.

ಫಿಲ್ಟರ್ ಅಡ್ಡಲಾಗಿ ಕೂತಿರುವ ಎಂಜಿನ್‌ಗಳಲ್ಲಿ, ತಲೆಕೆಳಗಾಗಿ ಕೂತಿರುವ ಕಡೆಗಳಲ್ಲಿ ಈ ರಬ್ಬರಿನ ಮೇಲೆಯೇ ಎಲ್ಲವೂ ನಿಂತಿದೆ. ಅದು ಗಟ್ಟಿಯಾಗಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಆಯಿಲ್ ಇಳಿದುಹೋಗುತ್ತದೆ. ಬೆಳಿಗ್ಗೆ ಪಂಪು ಮೊದಲು ಖಾಲಿ ಫಿಲ್ಟರನ್ನು ತುಂಬಿಸಬೇಕು, ಆಮೇಲೆ ಬೇರಿಂಗಿಗೆ ಆಯಿಲ್. ಆ ಎರಡು ಮೂರು ಸೆಕೆಂಡಿನ ಸದ್ದು ಹೆಚ್ಚಾಗಿ ಟೈಮಿಂಗ್ ಚೈನಿನ ಟೆನ್ಷನರ್‌ದು. ಅದು ಎಂಜಿನ್ನಿನೊಳಗಿನ ಆ ಚೈನನ್ನು ಆಯಿಲ್ ಒತ್ತಡದಿಂದಲೇ ಬಿಗಿಯಾಗಿ ಹಿಡಿಯುವ ಭಾಗ. ದೀಪ ತಡವಾಗಿ ಆರುವುದೂ ಇದೇ ಕಾರಣಕ್ಕೆ.

ಕೊಳ್ಳುವಾಗ ಸಣ್ಣ ರಂಧ್ರದೊಳಗೆ ಇಣುಕಿ ನೋಡಿದರೆ ಆ ರಬ್ಬರ್ ಕಾಣಿಸುತ್ತದೆ. ಟೂತ್‌ಪಿಕ್ಕಿನಿಂದ ಮೆಲ್ಲಗೆ ಒತ್ತಿದರೆ ಬಗ್ಗಿ ಕೂಡಲೇ ಮರಳಿ ಕೂರಬೇಕು. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಕಪ್ಪು ನೈಟ್ರೈಲ್ ರಬ್ಬರ್, ದುಬಾರಿಯವುಗಳಲ್ಲಿ ಸಿಲಿಕೋನ್ ಇರುತ್ತದೆ. ನೈಟ್ರೈಲ್ ಕೆಟ್ಟದ್ದಲ್ಲ, ಆದರೆ ದೀರ್ಘಕಾಲ ಬಿಸಿ ಆಯಿಲಿನಲ್ಲಿದ್ದರೆ ಬೇಗ ಗಟ್ಟಿಯಾಗುತ್ತದೆ. ಸಿಲಿಕೋನ್ ಮೆದುವಾಗಿಯೇ ಉಳಿಯುತ್ತದೆ. ಸಿಲಿಕೋನ್ ಹಲವು ಸಲ ಕಿತ್ತಳೆ ಅಥವಾ ಕೆಂಪು ಬಣ್ಣದಲ್ಲಿರುತ್ತದೆ. ಆದರೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಯಾವ ರಬ್ಬರಿಗೂ ಯಾವ ಬಣ್ಣ ಬೇಕಾದರೂ ಹಾಕಬಹುದು.

ಯಲಹಂಕದವಳು

ಈ ವಿವರಣೆ ಇಷ್ಟು ಸ್ಪಷ್ಟವಾಗಿ ನನಗೆ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ ಸರ್. ನನ್ನ ಕಾರಿನಲ್ಲಿ ಫಿಲ್ಟರ್ ಅಡ್ಡಲಾಗಿಯೇ ಇದೆ. ಕಳೆದ ಬಾರಿ ಹಾಕಿದ ಫಿಲ್ಟರಿನ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ, ಬಿಳಿ ಬಣ್ಣ ಅಷ್ಟೇ.

ಹೆಬ್ಬಾಳ ಫ್ಲೈಓವರ್

ನನ್ನದು ಬಿಎಸ್6 ಟರ್ಬೊ ಪೆಟ್ರೋಲ್. ಆಮದು ಮಾಡಿದ ಸಿಂಥೆಟಿಕ್ ಫಿಲ್ಟರ್ ಹಾಕಬೇಕೆಂದಿದ್ದೇನೆ. ಡಬ್ಬಿಯ ಮೇಲೆ ‘10 ಮೈಕ್ರಾನ್’ ಎಂದಿದೆ. ಕಾರಿನ ಕಂಪನಿಯ ಫಿಲ್ಟರ್ ಡಬ್ಬಿಯ ಮೇಲೆ ಅಂತಹ ಅಂಕಿಯೇ ಇಲ್ಲ. ಹಾಗಾದರೆ ಇದೇ ಉತ್ತಮ ಅಲ್ಲವೇ?

ಪೀಣ್ಯದ ಲೇತ್

ಬರೀ ‘10 ಮೈಕ್ರಾನ್’ ಎಂಬುದರಿಂದ ಏನೂ ತಿಳಿಯುವುದಿಲ್ಲ ಸರ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 10 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ತಡೆಯುತ್ತದೆ ಎಂಬುದು ಮುಖ್ಯ. ನೂರಕ್ಕೆ ಐವತ್ತನ್ನು ತಡೆಯುವ ಫಿಲ್ಟರಿನ ಮೇಲೂ 10 ಎಂದು ಬರೆಯಬಹುದು, ತೊಂಬತ್ತೊಂಬತ್ತನ್ನು ತಡೆಯುವುದರ ಮೇಲೂ ಬರೆಯಬಹುದು.

ಇದನ್ನು ಅಳೆಯಲು ಐಎಸ್ಒ 4548-12 ಎಂಬ ಮಾನದಂಡವಿದೆ. ಅಳತೆ ಗೊತ್ತಿರುವ ದೂಳನ್ನು ಆಯಿಲಿಗೆ ಬೆರೆಸಿ, ಫಿಲ್ಟರಿನ ಮೂಲಕ ಮತ್ತೆ ಮತ್ತೆ ಹಾಯಿಸಿ, ಮೊದಲು ಎಷ್ಟು ಕಣಗಳಿದ್ದವು, ದಾಟಿದ ಮೇಲೆ ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಆ ಅನುಪಾತವೇ ಬೀಟಾ. ಬೀಟಾ 2 ಎಂದರೆ ಅರ್ಧದಷ್ಟು ಕಣಗಳು ದಾಟಿಹೋದವು. ಬೀಟಾ 20 ಎಂದರೆ 95 ಶೇಕಡಾ ಸಿಕ್ಕಿಬಿದ್ದವು, ಬೀಟಾ 100 ಎಂದರೆ 99 ಶೇಕಡಾ. ಆದ್ದರಿಂದ ‘20 ಮೈಕ್ರಾನಿಗೆ 99 ಶೇಕಡಾ, ಐಎಸ್ಒ 4548-12’ ಎಂದು ಬರೆದಿದ್ದರೆ ಅದು ಅರ್ಥವಿರುವ ಮಾತು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೇರಿಂಗಿನಲ್ಲಿ ಆಯಿಲಿನ ಪದರ ಕೆಲವೇ ಮೈಕ್ರಾನಿನಷ್ಟು ತೆಳುವಾಗುವುದರಿಂದ ಕಣ್ಣಿಗೆ ಕಾಣದ ಕಣಗಳೇ ಸವೆತಕ್ಕೆ ದೊಡ್ಡ ಕಾರಣ.

ಸಿಂಥೆಟಿಕ್ ಮೀಡಿಯಾದಲ್ಲಿ, ಅಂದರೆ ಕಾಗದದ ಬದಲು ಬಳಸುವ ಕೃತಕ ಶೋಧಕ ಪದರದಲ್ಲಿ, ಗಾಜಿನ ಅಥವಾ ಪಾಲಿಯೆಸ್ಟರ್‌ನ ನೂಲುಗಳು ಒಂದೇ ಸಮನಾಗಿರುತ್ತವೆ. ಹಾಗಾಗಿ ಸಣ್ಣ ಕಣ ಹಿಡಿದೂ ಆಯಿಲಿನ ಹರಿವಿಗೆ ಕಡಿಮೆ ಅಡ್ಡಿ, ಹೆಚ್ಚು ಕಸ ಹಿಡಿಯುವ ಸಾಮರ್ಥ್ಯವೂ ಇರುತ್ತದೆ. 15,000 ಕಿ.ಮೀ. ಓಡಿಸುವವರಿಗೆ ಅದರ ಲಾಭ ನಿಜ. ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ ಬದಲಾಯಿಸುವವರಿಗೆ ಒಳ್ಳೆಯ ತಯಾರಕರ ಸೆಲ್ಯುಲೋಸ್ ಕಾಗದದ ಫಿಲ್ಟರ್ ಸಾಕು ಎಂಬುದು ನನ್ನ ಅಭಿಪ್ರಾಯ.

ಸಿಂಥೆಟಿಕ್ ಹಾಕುವುದೇ ಆದರೆ ಬೈಪಾಸ್ ವಾಲ್ವ್ ತೆರೆಯುವ ಒತ್ತಡ ನಿಮ್ಮ ಎಂಜಿನ್ನಿಗೆ ಹೇಳಿದಷ್ಟೇ ಇದೆಯೇ ಎಂದು ತಯಾರಕರ ಕ್ಯಾಟಲಾಗ್‌ನಲ್ಲಿ ನೋಡಿ. ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್ ಒಣಗಬಾರದೆಂದು ಶೋಧಿಸದ ಆಯಿಲನ್ನೇ ನೇರವಾಗಿ ಬಿಡುವ ವಾಲ್ವ್ ಅದು. ಹಲವು ಫಿಲ್ಟರ್‌ಗಳಲ್ಲಿ ಸುಮಾರು 1 ಬಾರ್ ಆಸುಪಾಸಿನಲ್ಲಿ ತೆರೆಯುತ್ತದೆ, ಆದರೆ ಎಂಜಿನ್ನಿನಿಂದ ಎಂಜಿನ್ನಿಗೆ ವ್ಯತ್ಯಾಸವಿದೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಬ್ಲಾಕಿನಲ್ಲಿಯೇ ಇರುತ್ತದೆ, ಫಿಲ್ಟರಿನಲ್ಲಿ ಇರುವುದೇ ಇಲ್ಲ. ಥ್ರೆಡ್ ಹೊಂದಿತು ಎಂದು ಇನ್ನೊಂದು ಎಂಜಿನ್ನಿನ ಫಿಲ್ಟರ್ ಹಾಕಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ದೊಡ್ಡ ಫಿಲ್ಟರ್ ಹಾಕಿದರೆ ಒಳ್ಳೆಯದು ಎಂದು ಬೇರೆ ಕಾರಿನ ಎತ್ತರದ ಡಬ್ಬಿ ಹಾಕುವವರಿಗೂ ಇದೇ ಮಾತು.

ಕೆಂಗೇರಿ ಡೀಸೆಲ್

ಬೆಳಗಿನ ಚಳಿಯಲ್ಲಿ ಆಯಿಲ್ ದಪ್ಪವಾಗಿ ಬೈಪಾಸ್ ತೆರೆಯುತ್ತದೆ ಎಂದು ಓದಿದ್ದೇನೆ. ನಮ್ಮೂರಿನಲ್ಲಿ ಹಾಗಾಗುತ್ತದೆಯೇ?

ಪೀಣ್ಯದ ಲೇತ್

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಂದಿನ 0ಡಬ್ಲ್ಯೂ-20, 5ಡಬ್ಲ್ಯೂ-30 ದರ್ಜೆಯ ತೆಳು ಆಯಿಲ್‌ಗಳಿಗೆ ಇದು ಚಳಿಯೇ ಅಲ್ಲ. ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ ಮೊರೆಸದಿದ್ದರೆ ಸಾಕು. ನಮ್ಮಲ್ಲಿ ಬೈಪಾಸ್ ತೆರೆದೇ ಇರುವುದು ಬದಲಾಯಿಸದೆ ಬಿಟ್ಟ ಫಿಲ್ಟರಿನಿಂದ.

ಕೆಂಗೇರಿ ಡೀಸೆಲ್

ಅದನ್ನೇ ನಾನು ಹೇಳಬೇಕೆಂದಿದ್ದೆ. ನಾನು ಟ್ಯಾಕ್ಸಿ ಓಡಿಸುವವನು. ನೂರು ರೂಪಾಯಿಯದೋ ಐನೂರರದೋ ಎಂಬ ಚರ್ಚೆಗಿಂತ ಸಮಯಕ್ಕೆ ಬದಲಾಯಿಸುವುದು ಮುಖ್ಯ. ಸ್ವಿಫ್ಟ್‌ನಿಂದ ವಿಸ್ಟಾವರೆಗೆ ಹಲವು ಕಾರುಗಳಲ್ಲಿ ಬಂದ ಆ 1.3 ಲೀಟರ್ ಡೀಸೆಲ್ ಎಂಜಿನ್ ನೋಡಿ. ಸರಿಯಾದ ಆಯಿಲ್ ಹಾಕಿ, ಸಮಯಕ್ಕೆ ಬದಲಾಯಿಸಿದವರ ಗಾಡಿಗಳು ಲಕ್ಷಾಂತರ ಕಿಲೋಮೀಟರ್ ಓಡಿವೆ. ಅಲಕ್ಷ್ಯ ಮಾಡಿದವರ ಗಾಡಿಗಳಲ್ಲಿ ಆಯಿಲ್ ಕೆಸರಾಗಿ ಚೈನ್ ಹಾಳಾಗಿದೆ. ಅದರಲ್ಲಿ ತಗಡಿನ ಡಬ್ಬಿಯಲ್ಲ, ಮುಚ್ಚಳದೊಳಗೆ ಕೂರುವ ಕಾಗದದ ಎಲಿಮೆಂಟ್. ಎಲಿಮೆಂಟ್ ಜೊತೆ ಬರುವ ಓ-ರಿಂಗ್ ಬದಲಾಯಿಸದೆ ಹಳೆಯದನ್ನೇ ಹಾಕುವವರನ್ನು ನೋಡಿದ್ದೇನೆ. ಅಲ್ಲಿಂದಲೇ ಸೋರಿಕೆ.

ಹೆಬ್ಬಾಳ ಫ್ಲೈಓವರ್

ಹಾಗಾದರೆ 5,000 ಕಿ.ಮೀ.ಗೊಮ್ಮೆ ಫಿಲ್ಟರ್ ಬದಲಾಯಿಸಿದರೆ ಇನ್ನೂ ಒಳ್ಳೆಯದೇ?

ಪೀಣ್ಯದ ಲೇತ್

ಬೇಕಿಲ್ಲ. ಶೋಧಿಸುವ ಕಾಗದ ಸ್ವಲ್ಪ ಕಸ ಹಿಡಿದ ಮೇಲೆ ಇನ್ನೂ ಚೆನ್ನಾಗಿ ಶೋಧಿಸುತ್ತದೆ, ಏಕೆಂದರೆ ಸಿಕ್ಕಿಕೊಂಡ ಕಣಗಳು ರಂಧ್ರಗಳನ್ನು ಸಣ್ಣದಾಗಿಸುತ್ತವೆ. ಹೊಚ್ಚಹೊಸ ಫಿಲ್ಟರಿನ ದಕ್ಷತೆಯೇ ಕಡಿಮೆ. ಪೂರ್ತಿ ಕಟ್ಟಿಕೊಳ್ಳುವ ಮೊದಲು ಬದಲಾಯಿಸಿದರೆ ಸರಿ.

ಆದರೆ ಬೆಂಗಳೂರಿನಲ್ಲಿ ಕಿಲೋಮೀಟರ್ ಒಂದನ್ನೇ ನೋಡುವುದು ತಪ್ಪು ಎಂದು ನಾನು ಬಲವಾಗಿ ನಂಬಿದ್ದೇನೆ. ಟಾಮ್‌ಟಾಮ್ ಸಂಚಾರ ಸೂಚ್ಯಂಕದ 2023ರ ಲೆಕ್ಕದಲ್ಲಿ ನಗರದೊಳಗೆ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಆ ವೇಗದಲ್ಲಿ 10,000 ಕಿ.ಮೀ. ಓಡಿದರೆ ಎಂಜಿನ್ ಸುಮಾರು 475 ಗಂಟೆ ದುಡಿದಿರುತ್ತದೆ. ತುಮಕೂರು, ಹಾಸನದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಹೋಗುವವನಿಗೆ ಅದೇ ದೂರಕ್ಕೆ 167 ಗಂಟೆ ಸಾಕು. ಮೀಟರಿನಲ್ಲಿ ಇಬ್ಬರದೂ ಒಂದೇ ಅಂಕಿ, ಆಯಿಲಿನ ವಯಸ್ಸು ಮಾತ್ರ ಬೇರೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ದಿನವೂ ನಿಂತು ನಿಂತು ಹೋಗುವವರು ಕಾರಿನ ಪುಸ್ತಕದಲ್ಲಿ ‘ಕಠಿಣ ಬಳಕೆ’ಗೆ ಯಾವ ಅವಧಿ ಬರೆದಿದೆಯೋ ಅದನ್ನೇ ಪಾಲಿಸಿ. ನೇರ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಆಗಿದ್ದರೆ ಇನ್ನೂ ಮುಖ್ಯ, ಅವುಗಳಲ್ಲಿ ಸಣ್ಣ ದೂರದ ಓಡಾಟದಿಂದ ಪೆಟ್ರೋಲ್ ಆಯಿಲಿಗೆ ಬೆರೆಯುತ್ತದೆ. ಅದನ್ನು ಯಾವ ಫಿಲ್ಟರೂ ತೆಗೆಯಲಾರದು.

ಜೊತೆಗೆ ಏರ್ ಫಿಲ್ಟರ್ ಮರೆಯಬೇಡಿ. ಮೆಟ್ರೊ, ಮೇಲ್ಸೇತುವೆ ಕಾಮಗಾರಿಯ ದೂಳು ಎಂಜಿನ್ನಿನೊಳಗೆ ಬರುವುದು ಗಾಳಿಯ ದಾರಿಯಿಂದ. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ಆ ಮರಳಿನ ಕಣಗಳನ್ನೆಲ್ಲ ಹಿಡಿಯುವ ಹೊರೆ ಆಯಿಲ್ ಫಿಲ್ಟರಿನ ಮೇಲೆ ಬೀಳುತ್ತದೆ.

ಮಿನರ್ವ ಸರ್ಕಲ್

ಕೆಲವರು ಆಯಿಲ್ ಎರಡು ಸಲ ಬದಲಾಯಿಸಿದರೆ ಫಿಲ್ಟರ್ ಒಂದು ಸಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಳೆಯ ಫಿಲ್ಟರಿನೊಳಗೇ ಕಾಲು ಲೀಟರಿನ ಹತ್ತಿರ ಹಳೆಯ ಆಯಿಲ್ ಉಳಿದಿರುತ್ತದೆ. ಮೂರು ಮೂರೂವರೆ ಲೀಟರ್ ಹೊಸ ಆಯಿಲಿಗೆ ಅದನ್ನು ಬೆರೆಸುವುದು ಏತಕ್ಕೆ?

ಪೀಣ್ಯದ ಲೇತ್

ನಿನ್ನೆ ಇಬ್ಬರು ಗೆಳೆಯರ ಕಾರುಗಳಿಂದ ತೆಗೆದ ಎರಡು ಫಿಲ್ಟರ್‌ಗಳನ್ನು ರಾತ್ರಿಯಿಡೀ ತಲೆಕೆಳಗಾಗಿ ಇಟ್ಟು, ಆಯಿಲ್ ಬಸಿದು, ಕತ್ತರಿಸಿ ನೋಡಿದೆ. ಎರಡೂ ಒಂದೇ ಮಾದರಿಯ ಎಂಜಿನ್ನಿನವು. ಒಂದು ಹೆಸರಾಂತ ತಯಾರಕರದು, ಇನ್ನೊಂದು ಹೆಸರಿಲ್ಲದ್ದು. ಕತ್ತರಿಸಲು ಫಿಲ್ಟರ್ ಕಟರನ್ನೇ ಬಳಸಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದರೆ ಕಬ್ಬಿಣದ ಪುಡಿ ಒಳಗೆ ಬಿದ್ದು ಎಂಜಿನ್ನಿನ ಸವೆತ ಯಾವುದು, ಬ್ಲೇಡಿನದು ಯಾವುದು ಎಂದು ತಿಳಿಯುವುದಿಲ್ಲ.

ಒಳ್ಳೆಯ ಫಿಲ್ಟರಿನ ಕಾಗದ ಇಸ್ತ್ರಿ ಮಾಡಿದ ಸೀರೆಯ ನೆರಿಗೆಯ ಹಾಗೆ ಸಮ ಅಂತರದಲ್ಲಿ ನಿಂತಿತ್ತು. ಕಾಗದದ ಎರಡು ತುದಿ ಸೇರುವ ಜಾಗದಲ್ಲಿ ಲೋಹದ ಪಟ್ಟಿ ಒತ್ತಿ ಮುಚ್ಚಿದ್ದರು. ಮೇಲೆ ಕೆಳಗೆ ಲೋಹದ ಮುಚ್ಚಳ, ನಡುವೆ ರಂಧ್ರಗಳುಳ್ಳ ಉಕ್ಕಿನ ಕೊಳವೆ, ತಳದಲ್ಲಿ ಎಲಿಮೆಂಟನ್ನು ಮೇಲಕ್ಕೆ ಒತ್ತಿಹಿಡಿಯುವ ಗಟ್ಟಿ ಸ್ಪ್ರಿಂಗ್. ರಬ್ಬರ್ ವಾಲ್ವನ್ನು ಬೆರಳಿನಲ್ಲಿ ಮಡಿಸಿದರೆ ತಕ್ಷಣ ನೆಟ್ಟಗಾಯಿತು.

ಹೆಸರಿಲ್ಲದ್ದರಲ್ಲಿ ನೆರಿಗೆಗಳು ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೆರಳು ಹೋಗುವಷ್ಟು ತೆರಪು. ಅಂಟು ಕಾಗದದ ಮೇಲೆಲ್ಲ ಹರಿದಿತ್ತು, ಹರಿದ ಜಾಗದಲ್ಲಿ ಆಯಿಲ್ ದಾಟುವುದೇ ಇಲ್ಲ. ತುದಿಗಳು ಸೇರುವ ಕಡೆ ಅಂಟು ಬಿಟ್ಟು ಸುಮಾರು ಉಗುರಿನಷ್ಟು ಉದ್ದದ ಸೀಳು. ಇದೇ ನನಗೆ ಬೇಸರ ತಂದದ್ದು. ಇಂತಹ ಸೀಳಿದ್ದರೆ ಆಯಿಲ್ ಕಾಗದವನ್ನು ದಾಟುವ ಬದಲು ಅಲ್ಲಿಂದಲೇ ಸಲೀಸಾಗಿ ಹೋಗುತ್ತದೆ, ಶೋಧನೆಯೇ ಆಗುವುದಿಲ್ಲ. ರಬ್ಬರ್ ವಾಲ್ವ್ ಮಡಿಸಿದರೆ ಮಡಿಸಿದಂತೆಯೇ ಉಳಿಯಿತು. ಕಾಗದವನ್ನು ಬಿಡಿಸಿ ಮೇಲೆ ಅಯಸ್ಕಾಂತ ಆಡಿಸಿದೆ, ಹೆಚ್ಚೇನೂ ಅಂಟಲಿಲ್ಲ. ಅಯಸ್ಕಾಂತಕ್ಕೆ ಉಕ್ಕು ಮಾತ್ರ ಅಂಟುತ್ತದೆ, ಬೇರಿಂಗಿನ ಮೆದು ಲೋಹ, ಅಲ್ಯೂಮಿನಿಯಂ ಅಂಟುವುದಿಲ್ಲ ಎಂಬುದು ನೆನಪಿರಲಿ. ಅವನ್ನು ಬಿಸಿಲಿನಲ್ಲಿ ಹಿಡಿದು ಹೊಳಪಿನಿಂದ ಗುರುತಿಸಬೇಕು.

ತುದಿಯ ಮುಚ್ಚಳ ಲೋಹದ್ದಾಗಿಯೇ ಇರಬೇಕೆಂದಿಲ್ಲ. ದಪ್ಪ ರಟ್ಟಿನಂತಹ ನಾರಿನ ಮುಚ್ಚಳವಿದ್ದರೂ ಚೆನ್ನಾಗಿ ಅಂಟಿಸಿದ್ದರೆ ಕೆಲಸ ಮಾಡುತ್ತದೆ. ಅದನ್ನು ಕಂಡ ಕೂಡಲೇ ಕಳಪೆ ಎನ್ನಬೇಡಿ.

ಯಲಹಂಕದವಳು

ಆ ಹೆಸರಿಲ್ಲದ್ದರ ವರ್ಣನೆ ಓದಿ ನನ್ನ ಕಾರಿನ ಬಗ್ಗೆ ಆತಂಕವಾಯಿತು. ಈಗ ಬ್ರ್ಯಾಂಡ್ ಹೇಳಿ. ಕಂಪನಿಯದಲ್ಲದಿದ್ದರೆ ಯಾವುದು?

ಮಿನರ್ವ ಸರ್ಕಲ್

ಕಾರಿನ ಕಂಪನಿಯ ಜೆನ್ಯುಯಿನ್ ಮೊದಲು. ಅದು ಸಿಗದಿದ್ದರೆ ಬಾಷ್, ಮಾನ್, ಮಾಹ್ಲೆ, ಪ್ಯೂರೊಲೇಟರ್, ಎಲೋಫಿಕ್ ಇವುಗಳಲ್ಲಿ ನಿಮ್ಮ ಎಂಜಿನ್ನಿಗೆ ಯಾವುದರ ಕ್ಯಾಟಲಾಗ್‌ನಲ್ಲಿ ನಂಬರ್ ಇದೆಯೋ ಅದು. ಕಾರಿನ ಕಂಪನಿಗಳು ಫಿಲ್ಟರನ್ನು ತಾವೇ ತಯಾರಿಸುವುದು ಅಪರೂಪ, ಇಂತಹ ತಯಾರಕರೇ ಮಾಡಿಕೊಡುತ್ತಾರೆ. 1923ರಲ್ಲಿ ಅಮೆರಿಕದಲ್ಲಿ ಕಾರಿನ ಎಂಜಿನ್ನಿಗೆ ಮೊದಲ ಆಯಿಲ್ ಫಿಲ್ಟರ್ ಪೇಟೆಂಟ್ ಪಡೆದದ್ದೇ ಪ್ಯೂರೊಲೇಟರ್ ಹೆಸರಿನಲ್ಲಿ. ಬಾಷ್‌ನ ಭಾರತದ ಕಂಪನಿ ಅಂತೂ ನಮ್ಮ ಆಡುಗೋಡಿಯದು. 1951ರಲ್ಲಿ ಮೈಕೋ ಎಂದು ಶುರುವಾಗಿ 2008ರಲ್ಲಿ ಬಾಷ್ ಎಂದಾಯಿತು. ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ಜಗಳವಾಡುವುದರಲ್ಲಿ ಹುರುಳಿಲ್ಲ. ಅಸಲಿಯೋ ನಕಲಿಯೋ ಎಂಬುದೇ ದೊಡ್ಡ ಪ್ರಶ್ನೆ.

ನಕಲಿ ಮಾಲು ಬರುವುದು ಹೆಚ್ಚು ಮಾರಾಟವಾಗುವ ನಂಬರ್‌ಗಳಲ್ಲೇ, ಅಂದರೆ ಸಣ್ಣ ಕಾರಿನ ಫಿಲ್ಟರ್‌ಗಳಲ್ಲಿ. ಕೊಳ್ಳುವಾಗ ಡಬ್ಬಿ ತೆರೆದು ನೋಡಿ, ಮಾರುವವರು ಬೇಡ ಎಂದರೆ ಅಲ್ಲಿಂದ ಹೊರಡಿ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ವರ್ಷ, ಗ್ರಾಹಕ ಸಹಾಯವಾಣಿ ಇರಲೇಬೇಕು. ಡಬ್ಬಿಯ ಮೇಲಿನ ನಂಬರೂ ಫಿಲ್ಟರಿನ ಮೈಮೇಲಿನ ನಂಬರೂ ಒಂದೇ ಇರಬೇಕು. ಥ್ರೆಡ್ ಒಳಗೆ ಬೆರಳಾಡಿಸಿದರೆ ಲೋಹದ ಚೂರು ಹತ್ತಬಾರದು. ಹೊಲೊಗ್ರಾಮ್ ಇದ್ದ ಮಾತ್ರಕ್ಕೆ ಅಸಲಿ ಎಂದು ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲಿ ನಿಂತೇ ಸ್ಕ್ಯಾನ್ ಮಾಡಿ. ಮತ್ತು ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡುವ ಅಂಗಡಿಯವನು ನಾಳೆಯೂ ಅಲ್ಲೇ ಇರುತ್ತಾನೆ.

ಹೆಬ್ಬಾಳ ಫ್ಲೈಓವರ್

ನನ್ನ ಕಾರು ಇನ್ನೂ ವಾರಂಟಿಯಲ್ಲಿದೆ. ಹೊರಗಿನ ಫಿಲ್ಟರ್ ಹಾಕಿದರೆ ವಾರಂಟಿ ಹೋಗುತ್ತದೆಯೇ?

ಗಿರಿನಗರ ಗ್ಯಾರೇಜ್

2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳ ಮಾರುಕಟ್ಟೆಯನ್ನು ಕಟ್ಟಿಹಾಕಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸಬಾರದು ಎಂಬ ನಿಲುವು ಆ ಆದೇಶದಲ್ಲಿತ್ತು. ಅದರ ಮೇಲೆ ಮೇಲ್ಮನವಿಗಳಾದವು. ನಾನೂ ಹೊರಗಿನ ಗ್ಯಾರೇಜಿನವನೇ, ಆದರೂ ನಿಮಗೆ ಹೇಳುವುದು ಇಷ್ಟೇ: ವಾರಂಟಿ ಇರುವವರೆಗೆ ಕಂಪನಿಯ ಫಿಲ್ಟರನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ. ಟರ್ಬೊ ಎಂಜಿನ್ ಕೆಟ್ಟು ವಾದಕ್ಕೆ ಇಳಿಯಬೇಕಾಗಿ ಬಂದರೆ ಐನೂರು ರೂಪಾಯಿಯ ಫಿಲ್ಟರ್ ಆ ವಾದದ ವಸ್ತುವಾಗಬಾರದು.

ಎಲ್ಲರೂ ಕೊಳ್ಳುವುದರ ಬಗ್ಗೆ ಬರೆದಿದ್ದೀರಿ, ಕೂರಿಸುವುದರ ಬಗ್ಗೆಯೂ ಬರೆಯುತ್ತೇನೆ. ಒಳ್ಳೆಯ ಫಿಲ್ಟರನ್ನು ಕೆಟ್ಟದಾಗಿ ಕೂರಿಸಿದರೆ ಪ್ರಯೋಜನವಿಲ್ಲ. ನಮ್ಮ ಗ್ಯಾರೇಜಿಗೆ ಸೋರಿಕೆ ಎಂದು ಬರುವ ಗಾಡಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಹಳೆಯ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತಿರುವುದು. ಗ್ಯಾರೇಜಿನಲ್ಲಿ ನಿಂತಾಗ ಸೋರುವುದಿಲ್ಲ, ರಸ್ತೆಯಲ್ಲಿ ಒತ್ತಡ ಏರಿದಾಗ ಎರಡು ರಬ್ಬರ್ ಒಂದರ ಮೇಲೊಂದು ಜಾರಿ ಆಯಿಲ್ ಚಿಮ್ಮುತ್ತದೆ. ಹಳೆಯ ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಬಾಯಿಯಲ್ಲಿ ರಿಂಗ್ ಇದೆಯೇ ಎಂದು ನೋಡಬೇಕು. ಎಂಜಿನ್ನಿನ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಬೇಕು. ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಬೇಕು. ಕೈಯಿಂದ ತಿರುಗಿಸುತ್ತಾ ರಿಂಗ್ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಅಥವಾ ಫಿಲ್ಟರಿನ ಮೇಲೆ ಎಷ್ಟು ಬರೆದಿದೆಯೋ ಅಷ್ಟು. ಹಲವು ಫಿಲ್ಟರ್‌ಗಳ ಮೈಮೇಲೆ 1, 2, 3, 4 ಎಂದು ಗುರುತು ಹಾಕಿರುವುದು ಸುತ್ತು ಎಣಿಸಲಿಕ್ಕೇ. ಬಿಗಿ ಮಾಡಲು ಪಾನಾ ಹಾಕಬೇಡಿ. ಪಾನಾ ಹಾಕಿ ಬಿಗಿದ ಫಿಲ್ಟರನ್ನು ಮುಂದಿನ ಸಲ ತೆಗೆಯಲು ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಬೇಕಾಗುತ್ತದೆ. ಎಲಿಮೆಂಟ್ ಮಾದರಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಮಾತ್ರ ಟಾರ್ಕ್ ಪಾನಾ ಬೇಕು. ಹಲವು ಕಾರುಗಳಲ್ಲಿ 25 ನ್ಯೂಟನ್ ಮೀಟರ್ ಎಂದು ಮುಚ್ಚಳದ ಮೇಲೆಯೇ ಇರುತ್ತದೆ.

ಎಂಜಿನ್ನಿನ ಒಳಗನ್ನು ತೊಳೆಯಲು ಎಂಜಿನ್ ಫ್ಲಶ್ ಎಂದು ಮಾರುವುದನ್ನು ಸುಮ್ಮನೆ ಹಾಕಿಸಬೇಡಿ. ಹಳೆಯ ಎಂಜಿನ್ನಿನ ಕೆಸರು ಒಮ್ಮೆಗೇ ಸಡಿಲವಾದರೆ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು.

ಕೆಂಗೇರಿ ಡೀಸೆಲ್

ಮನೆಯಲ್ಲೇ ಬದಲಾಯಿಸುವವರು ಹಳೆಯ ಆಯಿಲನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ಮೋರಿ ಸೇರುವುದು ರಾಜಕಾಲುವೆಗೆ, ರಾಜಕಾಲುವೆ ಸೇರುವುದು ಕೆರೆಗೆ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಹಳೆಯ ಕ್ಯಾನಿಗೆ ತುಂಬಿ, ಆಯಿಲ್ ಬಸಿದ ಫಿಲ್ಟರ್ ಜೊತೆ, ಬಳಸಿದ ಆಯಿಲನ್ನು ಪರವಾನಗಿ ಇರುವವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಯಲಹಂಕದವಳು

ಈ ಶನಿವಾರ ಕೆಲಸ ಮುಗಿಯಿತು. ಚಾಸಿಸ್ ಸಂಖ್ಯೆ ಕೊಟ್ಟು ಪಾರ್ಟ್ ನಂಬರ್ ಪಡೆದು, ಜೆ.ಸಿ. ರಸ್ತೆಯಲ್ಲಿ ಕಂಪನಿಯ ಫಿಲ್ಟರನ್ನೇ ಬಿಲ್ ಸಮೇತ ತಂದೆ. ಹಳೆಯದನ್ನು ತೆಗೆದಾಗ ಆ ರಬ್ಬರ್ ವಾಲ್ವ್ ಒತ್ತಿ ನೋಡಿದೆವು, ಗಟ್ಟಿಯಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಈಗ ಬೆಳಿಗ್ಗೆ ದೀಪ ಕೂಡಲೇ ಆರುತ್ತದೆ. ಸದ್ದು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ. ಒಂದು ಕ್ಷಣ ಕೇಳಿಸಿ ನಿಲ್ಲುತ್ತದೆ. ಇದಕ್ಕೆ ಏನು ಮಾಡಲಿ?

ಗಿರಿನಗರ ಗ್ಯಾರೇಜ್

ಒಳ್ಳೆಯದಾಯಿತು ಮೇಡಂ. ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಹೊಸ ಫಿಲ್ಟರ್ ತುಂಬಿಕೊಂಡ ಮೇಲೆ ಮಟ್ಟ ಸ್ವಲ್ಪ ಇಳಿದಿರುತ್ತದೆ, ಕಡಿಮೆ ಇದ್ದರೆ ಅದೇ ಆಯಿಲ್ ಸೇರಿಸಿ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿದ್ದಾರೆಯೇ ಎಂದು ಕೇಳಿ, ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ ಒಂದು ರಾತ್ರಿ ನಿಲ್ಲಿಸಿದರೂ ಸೋರಿಕೆ ಗೊತ್ತಾಗುತ್ತದೆ. ಮಟ್ಟ ಸರಿಯಿದ್ದು ಕೆಲವು ವಾರಗಳಲ್ಲಿ ಸದ್ದು ಹಾಗೆಯೇ ಉಳಿದರೆ ಅಥವಾ ಜೋರಾದರೆ ಚೈನ್ ಟೆನ್ಷನರ್ ಪರೀಕ್ಷಿಸಬೇಕು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಬಾನೆಟ್ ತೆರೆದು ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಂಡು ಹೋಗಿ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ಆ ಸದ್ದು ಮೆಕ್ಯಾನಿಕ್‌ಗೆ ಕೇಳಿಸುವುದಿಲ್ಲ.